ದನಕುರಿಗಳ ಗಾಯದ ನೋವಿಗೆ ಮೇಲೆ ಹಚ್ಚುವ ಅರಿವಳಿಕೆ ಮದ್ದುಗಳು

ಕಾಲುಬಾಯಿ ಜ್ವರ ತಗುಲಿದ ಹಸುವು ಮೇವಿನ ಮುಂದೆ ನಿಂತು ಜೊಲ್ಲು ಸುರಿಸುವುದನ್ನು ನೋಡದ ರೈತರು ವಿರಳ. ಅದು ಹುಲ್ಲನ್ನು ಮೂಸುತ್ತದೆ, ಒಂದೆರಡು ಎಳೆಗಳನ್ನು ಬಾಯಿಗೆ ತೆಗೆದುಕೊಳ್ಳುತ್ತದೆ, ಕೂಡಲೆ ಬಿಟ್ಟು ತಲೆ ತಿರುಗಿಸುತ್ತದೆ. ದನಕ್ಕೆ ಹಸಿವು ಹೋಯಿತೆಂದು ಮನೆಯವರು ಹೇಳುವುದು ವಾಡಿಕೆ. ಮೊದಲ ಒಂದೆರಡು ದಿನ ಜ್ವರದ ತಾಪದಿಂದ ಹಸಿವು ಕುಂದುವುದು ನಿಜವೇ. ಆದರೆ ತಾಪವು ಇಳಿದ ಮೇಲೆಯೂ ದನವು ಮೇಯದಿರುವುದಕ್ಕೆ ಮುಖ್ಯ ಕಾರಣವು ನೋವು. ನಾಲಗೆ ವಸಡುಗಳ ಮೇಲಿನ ಬೊಕ್ಕೆಗಳು ಒಡೆದು, ಮೇಲ್ಪೊರೆ ಸುಲಿದು, ಹಸಿಗಾಯವಾಗಿರುವ ಕಡೆಗೆ ಒಣಹುಲ್ಲಿನ ಮೊನೆ ತಗುಲಿದರೆ ಯಾವ ಪ್ರಾಣಿ ತಾನೇ ಸಹಿಸೀತು? ಹೀಗೆ ಕಳೆದ ಪ್ರತಿಯೊಂದು ದಿನವೂ ಹಾಲು ಇಳಿಯುತ್ತದೆ, ಮೈ ಇಳಿಯುತ್ತದೆ. ರೋಗದಿಂದಾದ ನಷ್ಟವನ್ನು ಎಲ್ಲರೂ ಎಣಿಸುವರು. ನೋವಿನಿಂದಾದ ನಷ್ಟವನ್ನು ಬೇರೆಯಾಗಿ ಎಣಿಸುವವರಿಲ್ಲ. ಈ ನೋವನ್ನು ಗಾಯದ ಮೇಲೆಯೇ ಮದ್ದು ಹಾಕಿ ತಗ್ಗಿಸುವ ಕ್ರಮವು ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವುದರಿಂದ, ಅದರ ಗುಣವನ್ನೂ ಮಿತಿಯನ್ನೂ ದನಕರುಗಳುಳ್ಳವರು ತಿಳಿದಿರುವುದು ಅವಶ್ಯಕವು.

ಇಡೀ ಮೈಗೆ ಮಂಪರು ತರದೆ, ತಗುಲಿದಷ್ಟು ಜಾಗವನ್ನು ಮಾತ್ರ ಮರಗಟ್ಟಿಸುವ ಮದ್ದಿಗೆ ಸ್ಥಳೀಯ ಅರಿವಳಿಕೆ ಎಂದು ಹೆಸರು. 1884ರಲ್ಲಿ ವಿಯೆನ್ನಾ ನಗರದ ಕಾರ್ಲ್ ಕೋಲರ್ ಎಂಬ ವೈದ್ಯನು ಕೊಕೇನ್ ದ್ರವವನ್ನು ಕಣ್ಣಿಗೆ ಬಿಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ತೋರಿಸಿದನು. ಕೊಕೇನಿಗೆ ಚಟ ಹತ್ತಿಸುವ ದೋಷವಿದ್ದುದರಿಂದ ಬೇರೆ ವಸ್ತುಗಳಿಗಾಗಿ ಹುಡುಕಾಟ ನಡೆದು, 1943ರಲ್ಲಿ ಸ್ವೀಡನ್ ದೇಶದ ನೀಲ್ಸ್ ಲಾಫ್‌ಗ್ರೆನ್ ಎಂಬ ರಸಾಯನಶಾಸ್ತ್ರಜ್ಞನು ಲಿಗ್ನೋಕೇನ್ ಎಂಬುದನ್ನು ತಯಾರಿಸಿದನು. ಮನುಷ್ಯರಲ್ಲಿಯೂ ಪಶುಗಳಲ್ಲಿಯೂ ಇಂದಿಗೂ ಹೆಚ್ಚಾಗಿ ಬಳಸಲ್ಪಡುವುದು ಇದೇ.

ಇದು ಕೆಲಸ ಮಾಡುವ ರೀತಿಯನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಹಿಂದಿನ ಕಾಲದಲ್ಲಿ ಕೆರೆಯ ಏರಿಯಲ್ಲಿ ಬಿರುಕು ಕಂಡರೆ ನೀರುಗಂಟಿಯು ಓಡಿ ಬಂದು ಚಾವಡಿಯಲ್ಲಿ ಸುದ್ದಿ ಹೇಳುತ್ತಿದ್ದನು. ಗಾಯದಿಂದ ಮಿದುಳಿಗೆ ಸುದ್ದಿ ಒಯ್ಯುವ ನರಗಳು ಈ ನೀರುಗಂಟಿಯಂತೆ. ನರದ ಪೊರೆಯಲ್ಲಿ ಸೋಡಿಯಂ ಅಂಶವು ಒಳಹೋಗುವ ಸೂಕ್ಷ್ಮ ದ್ವಾರಗಳಿವೆ. ಅದು ಒಳನುಗ್ಗಿದರೆ ಮಾತ್ರ ಸುದ್ದಿಯು ಮುಂದಕ್ಕೆ ಸಾಗುತ್ತದೆ. ಲಿಗ್ನೋಕೇನ್ ಆ ದ್ವಾರಗಳನ್ನು ಸ್ವಲ್ಪ ಕಾಲ ಮುಚ್ಚುತ್ತದೆ. ಅಂದರೆ ನೀರುಗಂಟಿಯನ್ನು ದಾರಿಯಲ್ಲಿಯೇ ತಡೆದಂತಾಯಿತು. ಏರಿಯ ಬಿರುಕು ಮಾತ್ರ ಇದ್ದ ಹಾಗೆಯೇ ಇರುತ್ತದೆ. ಈ ಮದ್ದನ್ನು ಬಳಸುವವರು ಇದೊಂದನ್ನು ಮರೆತರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗುವುದು.

ಇನ್ನೊಂದು ಸಂಗತಿಯೂ ಗಮನಾರ್ಹವು. ಹರಿಯದ ಚರ್ಮದ ಮೂಲಕ ಈ ಮದ್ದು ಸುಲಭವಾಗಿ ಒಳಗಿಳಿಯುವುದಿಲ್ಲ. ತೆರೆದ ಗಾಯ, ಸುಲಿದ ನಾಲಗೆ, ಕೊಯ್ದ ಅಂಚು, ಇಂಥ ಕಡೆಗಳಲ್ಲಿ ಮಾತ್ರ ಅದು ನರಗಳ ತುದಿಯನ್ನು ಮುಟ್ಟುತ್ತದೆ. ಹೋರಿಗರುಗಳ ಬೀಜ ಒಡೆಯುವುದಕ್ಕೆ ಬಳಸುವ ಬರ್ಡಿಜೊ ಇಕ್ಕಳವು ಚರ್ಮವನ್ನು ಹರಿಯದೆ ಒಳಗಿನ ನಾಳವನ್ನು ಮಾತ್ರ ಜಜ್ಜುವುದಷ್ಟೆ. ಅಲ್ಲಿ ಮೇಲೆ ಮದ್ದು ಸವರಿದರೆ ಪ್ರಯೋಜನವಿಲ್ಲ. ಇಕ್ಕಳ ಹಾಕುವುದಕ್ಕೆ ಮುಂಚೆ ವೈದ್ಯರಿಂದ ಚುಚ್ಚುಮದ್ದು ಹಾಕಿಸಬೇಕು. ಕೊಂಬು ಕತ್ತರಿಸುವಾಗಲೂ ಹಾಗೆಯೇ. ಕಣ್ಣಿಗೂ ಕೊಂಬಿಗೂ ನಡುವೆ ಹಾದುಹೋಗುವ ನರದ ಬಳಿ ಲಿಗ್ನೋಕೇನ್ ಚುಚ್ಚಿ, ಅದು ಹತ್ತುವವರೆಗೆ ಕಾದು, ಅನಂತರ ಕತ್ತರಿಸತಕ್ಕದ್ದು. ಕಾಯುವ ಈ ಕೆಲವು ನಿಮಿಷಗಳನ್ನು ಉಳಿಸಲು ಹೋಗಿ ನಾಲ್ಕು ಆಳುಗಳು ಹಗ್ಗ ಹಿಡಿದು ಒದ್ದಾಡುವುದರಲ್ಲಿ ಜಾಣತನವೇನೂ ಕಾಣುವುದಿಲ್ಲ.

ಗಾಯದ ಮೇಲೆ ಹಾಕುವ ಕ್ರಮವು ದೊಡ್ಡ ಪ್ರಮಾಣದಲ್ಲಿ ಮೊದಲಿಗೆ ರೂಢಿಯಾದುದು ಆಸ್ಟ್ರೇಲಿಯಾ ದೇಶದ ಕುರಿಹಟ್ಟಿಗಳಲ್ಲಿ. ಅಲ್ಲಿಯ ಮೆರಿನೊ ಕುರಿಗಳ ಹಿಂಭಾಗದ ಚರ್ಮವು ಮಡಿಕೆ ಮಡಿಕೆಯಾಗಿದ್ದು, ಮೂತ್ರ ಸಗಣಿಗಳಿಂದ ನೆನೆಯುವುದರಿಂದ ನೊಣವು ಮೊಟ್ಟೆಯಿಟ್ಟು, ಜೀವಂತ ಕುರಿಯ ಮಾಂಸವನ್ನೇ ಹುಳುಗಳು ತಿನ್ನುತ್ತವೆ. ಇದನ್ನು ತಡೆಯಲು ಮರಿಯಾಗಿದ್ದಾಗಲೇ ಆ ಮಡಿಕೆಗಳನ್ನು ಕತ್ತರಿಯಿಂದ ಕೊಯ್ದು ತೆಗೆಯುವ ಪದ್ಧತಿಯನ್ನು ಜಾನ್ ಮ್ಯೂಲ್ಸ್ ಎಂಬುವನು ಸುಮಾರು 1930ರ ಹೊತ್ತಿಗೆ ಕಂಡುಹಿಡಿದನು. ಅವನ ಹೆಸರಿನಿಂದಲೇ ಅದು ಮ್ಯೂಲ್ಸಿಂಗ್ ಎನಿಸಿತು. ಅನೇಕ ದಶಕಗಳ ಕಾಲ ಇದನ್ನು ಯಾವ ನೋವುನಿವಾರಕವೂ ಇಲ್ಲದೆ ನಡೆಸಿದರು. ಕರ್ನಾಟಕದ ಬನ್ನೂರು, ದಖನಿ ಕುರಿಗಳಲ್ಲಿ ಅಂಥ ಮಡಿಕೆಗಳಿಲ್ಲವಾದ್ದರಿಂದ ಈ ಕ್ರೂರ ಕೆಲಸದ ಅವಶ್ಯಕತೆಯು ಇಲ್ಲಿಯ ಕುರುಬರಿಗೆ ಎಂದೂ ಬೀಳಲಿಲ್ಲ.

ಉಣ್ಣೆ ಕೊಳ್ಳುವ ದೇಶಗಳಲ್ಲಿ ಇದಕ್ಕೆ ಆಕ್ಷೇಪಣೆ ಎದ್ದ ಮೇಲೆ, ಕೊಯ್ದ ಕೂಡಲೆ ಗಾಯದ ಮೇಲೆ ಸಿಂಪಡಿಸುವ ಟ್ರೈ-ಸಾಲ್ಫೆನ್ ಎಂಬ ಮದ್ದು ಅಲ್ಲಿ ಬಳಕೆಗೆ ಬಂದಿತು. ನೀಲಿ ಬಣ್ಣದ ಅಂಟುದ್ರವವಾದ ಇದರ ಒಂದು ಲೀಟರಿನಲ್ಲಿ ಸುಮಾರು 40 ಗ್ರಾಂ ಲಿಗ್ನೋಕೇನ್, ಸುಮಾರು 4 ಗ್ರಾಂ ಬ್ಯುಪಿವಕೇನ್, 5 ಗ್ರಾಂ ಸೆಟ್ರಿಮೈಡ್, ಅತ್ಯಲ್ಪವಾಗಿ ಅಡ್ರಿನಲೀನ್ ಇವೆ. ಲಿಗ್ನೋಕೇನ್ ಬೇಗನೆ ಹತ್ತಿ ಬೇಗನೆ ಇಳಿಯುವುದು. ಬ್ಯುಪಿವಕೇನ್ ತಡವಾಗಿ ಹತ್ತಿ ಹೆಚ್ಚು ಹೊತ್ತು ನಿಲ್ಲುವುದು. ಅಡ್ರಿನಲೀನ್ ರಕ್ತನಾಳಗಳನ್ನು ಕುಗ್ಗಿಸಿ ರಕ್ತಸ್ರಾವವನ್ನು ತಗ್ಗಿಸುವುದಲ್ಲದೆ, ಮದ್ದು ರಕ್ತದೊಡನೆ ಕೊಚ್ಚಿಹೋಗದಂತೆ ಗಾಯದಲ್ಲಿಯೇ ನಿಲ್ಲಿಸುತ್ತದೆ. ಸೆಟ್ರಿಮೈಡ್ ಕ್ರಿಮಿನಾಶಕವು. ಸಿಡ್ನಿ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಗಾಯದ ಅಂಚನ್ನು ಮುಟ್ಟಿ ಮುಟ್ಟಿ ಮರಿಗಳ ಪ್ರತಿಕ್ರಿಯೆಯನ್ನು ಅಳೆದಾಗ, ಮೂರು ನಿಮಿಷಗಳೊಳಗೆ ನೋವು ತಗ್ಗಿ 24 ಗಂಟೆಗಳವರೆಗೂ ಆ ಗುಣ ಕಂಡುಬಂದಿತು. ಮದ್ದಿಲ್ಲದ ಮರಿಗಳಿಗಿಂತ ಇವುಗಳಲ್ಲಿ ಬೆನ್ನು ಬಾಗಿಸಿ ನಿಲ್ಲುವುದು ಮೊದಲಾದ ನೋವಿನ ಲಕ್ಷಣಗಳು ಬಹಳ ಕಡಿಮೆಯಾಗಿದ್ದವು. ವಿಕ್ಟೋರಿಯಾ ಪ್ರಾಂತವು 2020ರ ಜುಲೈ ತಿಂಗಳಿಂದ ಮ್ಯೂಲ್ಸಿಂಗ್ ಮಾಡುವಾಗ ನೋವುನಿವಾರಕವನ್ನು ಕಡ್ಡಾಯ ಮಾಡಿತು. ನ್ಯೂಜಿಲೆಂಡ್ ದೇಶವು 2018ರಲ್ಲಿ ಆ ಪದ್ಧತಿಯನ್ನೇ ನಿಷೇಧಿಸಿಬಿಟ್ಟಿತು. ಇವೆರಡರಲ್ಲಿ ಯಾವುದು ನೇರವಾದ ಮಾರ್ಗವೆಂಬುದನ್ನು ಓದುವವರೇ ತೀರ್ಮಾನಿಸಬಹುದು. ಏತಕ್ಕೆಂದರೆ ಕೊಯ್ದ ಮೇಲೆ ಹಾಕುವ ಮದ್ದು ಕೊಯ್ಯುವಾಗಿನ ನೋವನ್ನು ತಡೆಯಲಾರದು.

ಇದೇ ಮದ್ದನ್ನು ಕಾಲುಬಾಯಿ ಜ್ವರದ ಹುಣ್ಣುಗಳ ಮೇಲೆ ಸಿಂಪಡಿಸಿ ನೋಡಿದ ವರದಿಗಳು ಲಾವೋಸ್ ದೇಶದಿಂದ 2020ರಲ್ಲಿಯೂ, ಆಫ್ರಿಕಾದ ಕ್ಯಾಮರೂನ್ ದೇಶದಿಂದ 2021ರಲ್ಲಿಯೂ ಪ್ರಕಟವಾದವು. ಎರಡೂ ಕಡೆ ದನಗಳು ಬೇಗನೆ ಚೇತರಿಸಿಕೊಂಡವೆಂದು ತಿಳಿದುಬಂದಿತು. ಇದರಲ್ಲಿ ಇನ್ನೊಂದು ಪ್ರಯೋಜನವೂ ಉಂಟು. ಕಾಲುಬಾಯಿ ಜ್ವರವು ವೈರಸ್ಸಿನಿಂದ ಬರತಕ್ಕದ್ದು. ಅದರ ಮೇಲೆ ಆ್ಯಂಟಿಬಯಾಟಿಕ್ ಚುಚ್ಚುಮದ್ದು ಏನೂ ಮಾಡಲಾರದು. ಹುಣ್ಣಿನೊಳಗೆ ಬೇರೆ ಕ್ರಿಮಿಗಳು ಸೇರಿ ಕೀವಾದರೆ ಮಾತ್ರ ಅದರ ಅವಶ್ಯಕತೆ. ಹಾಗಿದ್ದರೂ ದನ ಮೇಯುತ್ತಿಲ್ಲವೆಂಬ ಕಳವಳದಿಂದ ಸೂಜಿಯ ಮೇಲೆ ಸೂಜಿ ಹಾಕಿಸುವುದು ಎಲ್ಲ ಕಡೆಯೂ ನಡೆಯುತ್ತದೆ. ನೋವು ಇಳಿದು ದನವು ಮೇವಿಗೆ ಬಾಯಿ ಹಾಕಿತೆಂದರೆ ಕಳವಳವೂ ಖರ್ಚೂ ತಗ್ಗುವುವು.

ಕರ್ನಾಟಕದಲ್ಲಿ 2013ರಲ್ಲಿ ಈ ಜ್ವರವು ಹಬ್ಬಿ ಸಾವಿರಾರು ದನಗಳು ಸತ್ತುದನ್ನು ಹಳ್ಳಿಗಳವರು ಮರೆತಿಲ್ಲ. ಆರು ತಿಂಗಳಿಗೊಮ್ಮೆ ಹಾಕಿಸುವ ಲಸಿಕೆಗೆ ಈ ಮದ್ದು ಬದಲಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಊರಿನಲ್ಲಿ ರೋಗ ಕಂಡ ದಿನವೇ ಪಶುವೈದ್ಯರಿಗೆ ಸುದ್ದಿ ಮುಟ್ಟಿಸುವುದೂ, ಆ ದನವನ್ನು ಸಂತೆಗೂ ಸಾರ್ವಜನಿಕ ನೀರ್ತೊಟ್ಟಿಗೂ ಹೊಡೆಯದಂತೆ ನೋಡಿಕೊಳ್ಳುವುದೂ ಊರ ಮುಖ್ಯಸ್ಥರ ಕರ್ತವ್ಯವಾಗಿದೆ. ನೋವು ಹೋಗಿ ಲವಲವಿಕೆಯಿಂದಿರುವ ದನವೂ ರೋಗವನ್ನು ಹರಡಬಲ್ಲುದು.

ಈಗ ಎತ್ತಿನ ಹೆಗಲ ಹುಣ್ಣಿನ ವಿಷಯ. ಅತ್ಯಂತ ಎಚ್ಚರಿಕೆಯಿಂದಿರಬೇಕಾದುದು ಇಲ್ಲಿ. ಬಿತ್ತನೆಯ ಹದ ಬಂದು ನಿಂತಿದೆ. ಎತ್ತಿನ ಹೆಗಲು ಕಿತ್ತುಹೋಗಿದೆ. ನೊಗವನ್ನು ಕಂಡರೆ ಅದು ಹಿಂಜರಿಯುತ್ತದೆ. ಮದ್ದು ಸವರಿದ ಹತ್ತು ನಿಮಿಷಕ್ಕೆ ಅದೇ ಎತ್ತು ಸುಮ್ಮನೆ ಹೆಗಲು ಕೊಡುತ್ತದೆ. ರೈತನಿಗೆ ಇದಕ್ಕಿಂತ ದೊಡ್ಡ ಆಸೆ ಬೇರೆ ಇಲ್ಲ, ಇದಕ್ಕಿಂತ ದೊಡ್ಡ ಮೋಸವೂ ಬೇರೆ ಇಲ್ಲ. ನೋವು ಇದ್ದಾಗ ಎತ್ತು ನೊಗವನ್ನು ಅತ್ತಿತ್ತ ಸರಿಸಿಕೊಂಡು ಹುಣ್ಣನ್ನು ಕಾಪಾಡಿಕೊಳ್ಳುತ್ತಿತ್ತು. ಮರಗಟ್ಟಿದ ಮೇಲೆ ಭಾರವನ್ನೆಲ್ಲ ಹಸಿಮಾಂಸದ ಮೇಲೆಯೇ ಹೊರುತ್ತದೆ. ಸಂಜೆಗೆ ಮದ್ದಿನ ಗುಣ ಇಳಿದಾಗ ಹುಣ್ಣು ಬೆಳಗ್ಗೆ ಇದ್ದುದಕ್ಕಿಂತ ಆಳವಾಗಿರುತ್ತದೆ. ನಾಲ್ಕು ದಿನ ಹೀಗೆ ಹೂಡಿದರೆ ಕೀವು ಒಳಕ್ಕಿಳಿದು ಎತ್ತು ಆ ವರ್ಷದ ಕೆಲಸಕ್ಕೇ ಇಲ್ಲವಾಗಬಹುದು. ಗೊರಸಿನ ಸಂದಿನ ಹುಣ್ಣಿಗೂ ಇದೇ ಮಾತು. ಕುಂಟುವ ಎತ್ತಿಗೆ ಮದ್ದು ಹಾಕಿ ಗಾಡಿ ಕಟ್ಟಿದರೆ, ಕುಂಟುವುದು ನಿಂತೀತು, ಗೊರಸು ಕಳಚೀತು. ಮದ್ದು ಹಾಕಿದ ದನವನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ, ಒಣನೆಲ, ಮೆತ್ತನೆಯ ಮೇವು, ನೀರು ಒದಗಿಸತಕ್ಕದ್ದು. ಹೂಟಕ್ಕೆ ನೆರೆಯವರ ಎತ್ತನ್ನು ಮುಯ್ಯಿಗೆ ಕೇಳುವುದೇ ಲಾಭ.

ಮದ್ದು ಹಾಕುವುದಕ್ಕೆ ಮುಂಚೆ ಗಾಯದೊಳಗೆ ಏನಿದೆಯೆಂದು ನೋಡಬೇಕು. ಮುಳ್ಳು, ತಂತಿಯ ಚೂರು, ಹುಳು, ಮುರಿದ ಮೂಳೆ ಇವುಗಳ ಮೇಲೆ ಮದ್ದು ಸುರಿದು ಮುಚ್ಚಿದರೆ ನೋವು ಕೊಡುತ್ತಿದ್ದ ಎಚ್ಚರಿಕೆಯನ್ನೂ ಮುಚ್ಚಿದಂತಾಯಿತು. ಕಾದಾರಿಸಿದ ಉಪ್ಪುನೀರಿನಿಂದ ತೊಳೆದು, ಕೊಳೆಯನ್ನು ತೆಗೆದು, ಒದ್ದೆಯನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ, ಆಮೇಲೆ ಹಾಕತಕ್ಕದ್ದು. ಹುಳು ಬಿದ್ದ ಗಾಯದಲ್ಲಿ ಮಾತ್ರ ವೈದ್ಯರು ಮೊದಲೇ ಮರಗಟ್ಟಿಸಿ, ದನವು ಒದೆಯದಂತಾದ ಮೇಲೆ ಹುಳುಗಳನ್ನು ಒಂದೊಂದಾಗಿ ತೆಗೆಯುವುದುಂಟು. ಸೀಮೆಎಣ್ಣೆ, ಬಿಸಿಬೂದಿ, ನೀರು ಬೆರಸದ ಫಿನೈಲ್ ಇವುಗಳನ್ನು ಸುರಿಯುವ ಹಳೆಯ ಅಭ್ಯಾಸವು ಇರುವ ಗಾಯದ ಮೇಲೆ ಸುಟ್ಟಗಾಯವನ್ನು ಕೂಡಿಸುವುದಲ್ಲದೆ ಬೇರೆ ಫಲವನ್ನು ಕೊಡದು.

ಪ್ರಮಾಣದ ವಿಷಯದಲ್ಲಿ ಊಹೆ ಸಲ್ಲದು. ಹಸಿಗಾಯವು ಮದ್ದನ್ನು ರಕ್ತಕ್ಕೆ ಹೀರಿಕೊಳ್ಳುವುದು. ಅದು ಮಿತಿ ಮೀರಿದರೆ ಪ್ರಾಣಿಯು ನಡುಗಿ, ತೂರಾಡಿ, ಸೆಳೆತ ಬಂದು ಬೀಳುತ್ತದೆ, ಉಸಿರು ಅಥವಾ ಹೃದಯ ನಿಲ್ಲಲೂಬಹುದು. ಆಡು ಕುರಿಗಳ ಮರಿಗಳಲ್ಲಿ ಈ ಅಪಾಯವು ಹೆಚ್ಚು, ಅವುಗಳ ತೂಕವೇ ಅಲ್ಪವಾದ ಕಾರಣ. ಅವುಗಳಿಗೆ ತೂಕದ ಒಂದು ಕಿಲೋಗ್ರಾಮಿಗೆ 5 ಮಿಲಿಗ್ರಾಂ ಲಿಗ್ನೋಕೇನ್ ಮೀರದಂತೆ ವೈದ್ಯರು ಸಾಮಾನ್ಯವಾಗಿ ನೋಡಿಕೊಳ್ಳುತ್ತಾರೆ. ಪಶು ಆಸ್ಪತ್ರೆಗಳಲ್ಲಿರುವ ನೂರಕ್ಕೆ 2ರ ದ್ರವದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುವುದು. ಆ ಲೆಕ್ಕದಲ್ಲಿ 4 ಕಿಲೋ ತೂಗುವ ಆಡಿನ ಮರಿಗೆ ಒಂದೇ ಮಿಲಿಲೀಟರು ಮಿತಿ. ಎತ್ತಿಗೆ ತಂದ ಸೀಸೆಯಿಂದ ಮರಿಗೂ ಒಂದಿಷ್ಟು ಸುರಿದರೆ ಏನಾದೀತೆಂಬುದನ್ನು ಇದರಿಂದ ಅರಿಯಬಹುದು. ಔಷಧದ ಅಂಗಡಿಯಲ್ಲಿ ಮನುಷ್ಯರಿಗಾಗಿ ಮಾರುವ ಮುಲಾಮುಗಳನ್ನು ತಂದು ಹಚ್ಚುವುದೂ ಸರಿಯಲ್ಲ; ಅವುಗಳಲ್ಲಿ ಕೆಲವಕ್ಕೆ ಬೆಂಜೊಕೇನ್ ಸೇರಿರುತ್ತದೆ, ಅದು ಕುರಿಗಳಲ್ಲಿ ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನೇ ಕುಂದಿಸಬಹುದು.

ಬಾಯಿಯ ಹುಣ್ಣಿಗೆ ಮದ್ದು ಹಾಕಿಸಿದ ಮೇಲೆ ಮತ್ತೊಂದು ಎಚ್ಚರಿಕೆ. ನಾಲಗೆಯೂ ಗಂಟಲೂ ಮರಗಟ್ಟಿರುವಾಗ ನುಂಗುವುದರಲ್ಲಿ ಹಿಡಿತ ತಪ್ಪುತ್ತದೆ. ಆ ಸಮಯದಲ್ಲಿ ಗೊಟ್ಟದಿಂದ ಗಂಜಿಯನ್ನಾಗಲಿ ಕಷಾಯವನ್ನಾಗಲಿ ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿದು, ಕಾಲುಬಾಯಿಯಿಂದ ಉಳಿದ ಹಸುವು ಶ್ವಾಸಕೋಶದ ಬಾವಿನಿಂದ ಸತ್ತೀತು. ಎಳೆಯ ಹಸಿಹುಲ್ಲನ್ನೂ ತೆಳುವಾದ ಗಂಜಿಯನ್ನೂ ಮುಂದಿಟ್ಟು, ದನವು ತಾನಾಗಿ ತೆಗೆದುಕೊಳ್ಳುವವರೆಗೆ ಬಿಡಬೇಕು. ಮೊಲೆಯ ತೊಟ್ಟಿನ ಗಾಯಕ್ಕೆ ಹಾಕಿದ್ದರೆ ಕರುವನ್ನು ಕೂಡಲೆ ಬಿಡಲಾಗದು. ಮದ್ದು ಅದರ ಬಾಯಿಗೂ ಹೋಗುತ್ತದೆ.

ಹಾಲಿನ ವಿಷಯವನ್ನು ವೈದ್ಯರನ್ನು ಕೇಳಿಯೇ ನಿಶ್ಚಯಿಸತಕ್ಕದ್ದು. ಮದ್ದಿನ ಅಂಶವು ಹಾಲಿಗೂ ಮಾಂಸಕ್ಕೂ ಬರುವುದರಿಂದ, ಎಷ್ಟು ದಿನದ ಹಾಲನ್ನು ಡೈರಿಗೆ ಹಾಕಬಾರದು, ಎಷ್ಟು ದಿನ ಕುರಿಯನ್ನು ಮಾರಬಾರದು ಎಂಬುದನ್ನು ಬಳಸಿದ ಮದ್ದನ್ನು ನೋಡಿ ಅವರೇ ಹೇಳಬಲ್ಲರು. ಮದ್ದು ಹಾಕಿಸಿದ ದಿನ, ಹೊತ್ತು, ಪ್ರಮಾಣ ಇವುಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಿಂದ ಬರೆದಿಟ್ಟರೂ ಸಾಕು. ಮರುದಿನ ಬೇರೊಬ್ಬ ವೈದ್ಯರು ಬಂದರೂ ಅದನ್ನು ನೋಡಿ ಮುಂದಿನ ಚಿಕಿತ್ಸೆಯನ್ನು ನಡೆಸುವರು.