ಆಟಿಗೆ ಮೊದಲೇ ಲೆಕ್ಕ

ಪತ್ತನಾಜೆ ಹತ್ತಿರ ಬಂದರೆ ನಮ್ಮ ಮನೆಗಳಲ್ಲಿ ಎಷ್ಟು ಕೆಲಸ! ಕಟ್ಟಿಗೆ ಒಳಗೆ ಆಗಬೇಕು. ಹಪ್ಪಳ ಒಣಗಬೇಕು. ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಬೇಕು. ಯಾಕೆ? ಮುಂದೆ ಆಟಿ ಬರುತ್ತದೆ. ಆಟಿಯಲ್ಲಿ ಜಡಿಮಳೆ. ಹೊರಗೆ ಕೆಲಸ ಕಡಿಮೆ. ಕೈಯಲ್ಲಿ ದುಡ್ಡೂ ಕಡಿಮೆ. ಇದನ್ನು ನಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಅಜ್ಜಿ, ಅಮ್ಮ ಮಾಡಿದ್ದನ್ನು ನೋಡಿ ಕಲಿತೆವು.

ನಾವು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯ ಮಹಿಳಾ ಮಂಡಲದವರು. ಮನೆಗೆ ಇಷ್ಟು ಮುಂದಾಲೋಚನೆ ಮಾಡುವ ನಾವು ಮಂಡಲದ ದುಡ್ಡಿಗೆ ಮಾಡಿರಲಿಲ್ಲ. ಏನಾಯಿತು, ಕೇಳಿ.

ಹೊಲಿಗೆ ತರಗತಿ ನಿಂತಿತು

ನಮ್ಮ ಮಂಡಲದಲ್ಲಿ ಒಂದು ಹೊಲಿಗೆ ತರಗತಿ ಉಂಟು. ಒಬ್ಬ ದಾನಿಗಳು ಹೊಸ ಯಂತ್ರಕ್ಕೆಂದು 10,000 ರೂಪಾಯಿ ಕೊಟ್ಟರು. ಆಗ ವಾರ್ಷಿಕೋತ್ಸವ ಬಂತು. ಶಾಮಿಯಾನ, ಮೈಕು, ಊಟ ಎಂದು ಆ ದುಡ್ಡನ್ನೇ ಖರ್ಚು ಮಾಡಿದೆವು. "ಮತ್ತೆ ತುಂಬಿಸುವ" ಎಂದುಕೊಂಡೆವು. ತುಂಬಿಸಲು ಆಗಲಿಲ್ಲ. ಜುಲೈ ತಿಂಗಳಲ್ಲಿ ಟೀಚರಿಗೆ ಕೊಡಲು ದುಡ್ಡಿಲ್ಲ. ತರಗತಿ ನಿಂತಿತು. ಹನ್ನೆರಡು ಹುಡುಗಿಯರು ಮನೆಯಲ್ಲಿ ಕೂತರು.

ಆಗ ಒಬ್ಬ ದೊಡ್ಡಮ್ಮ ಎದ್ದು ನಿಂತರು. ಅವರು ಓದಲು ಕಲಿತು ಆರೇ ತಿಂಗಳಾಗಿತ್ತು. "ಪುಸ್ತಕ ಕೊಡಿ ಅಕ್ಕ, ನಾನೇ ಓದುತ್ತೇನೆ" ಎಂದರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. "ಬಂದ ದುಡ್ಡು ಬರೆದಿದ್ದೀರಿ. ಹೋದ ದುಡ್ಡೂ ಬರೆದಿದ್ದೀರಿ. ಎಷ್ಟು ಬರಬಹುದು, ಎಷ್ಟು ಬೇಕಾಗಬಹುದು ಎಂದು ಮೊದಲೇ ಬರೆದದ್ದು ಎಲ್ಲಿ?" ಎಂದು ಕೇಳಿದರು.

ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ.

ಬಜೆಟ್ ಎಂದರೇನು?

ದೊಡ್ಡಮ್ಮ ಕೇಳಿದ್ದೇ ಬಜೆಟ್. ಮುಂದೆ ಬರುವ ದುಡ್ಡು ಮತ್ತು ಮುಂದೆ ಆಗುವ ಖರ್ಚನ್ನು ಮೊದಲೇ ಅಂದಾಜು ಮಾಡಿ ಬರೆಯುವುದು. ಇದಕ್ಕೆ ಆಯವ್ಯಯ ಎಂದೂ ಹೆಸರು. ಇದು ನಮಗೆ ಹೊಸತಲ್ಲ. ಬೀಡಿ ಬ್ರಾಂಚಿನಲ್ಲಿ ಎಲೆ, ತಂಬಾಕು ತೂಗಿ ಕೊಡುತ್ತಾರೆ. ಇಷ್ಟಕ್ಕೆ ಇಷ್ಟು ಬೀಡಿ ಆಗಬೇಕು ಎಂಬ ಲೆಕ್ಕ ಮೊದಲೇ ಉಂಟು. ಎಲೆ ಕಡಿಮೆ ಬಿದ್ದರೆ ನಮಗೆ ಕೂಡಲೇ ಗೊತ್ತಾಗುತ್ತದೆ. ಬಜೆಟ್ ಇದ್ದರೆ ಮಂಡಲದ ದುಡ್ಡೂ ಹಾಗೆಯೇ.

ಸರಕಾರಿ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಗಿತಾಯ. ಆದ್ದರಿಂದ ಮಾರ್ಚ್ ತಿಂಗಳಲ್ಲೇ ಎಲ್ಲ ಸದಸ್ಯರೂ ಕೂತು ಬಜೆಟ್ ಬರೆಯಬೇಕು.

ನಾವು ಬರೆದ ಬಜೆಟ್

ಬರುವ ದುಡ್ಡು:
ಸದಸ್ಯರ ವಂತಿಗೆ (40 ಜನ, ತಿಂಗಳಿಗೆ 20 ರೂ.) – 9,600
ಹೊಲಿಗೆ ಶುಲ್ಕ (12 ಜನ, ತಿಂಗಳಿಗೆ 200 ರೂ., 10 ತಿಂಗಳು) – 24,000
ಜಾತ್ರೆಯ ಅಂಗಡಿಯ ಲಾಭ – 8,400
ದಾನ – 6,000
ಒಟ್ಟು – 48,000 ರೂ.

ಹೋಗುವ ದುಡ್ಡು:
ಟೀಚರ ಗೌರವಧನ (ತಿಂಗಳಿಗೆ 2,500 ರೂ.) – 30,000
ಕರೆಂಟು ಬಿಲ್ಲು (ತಿಂಗಳಿಗೆ 300 ರೂ.) – 3,600
ಬಸ್ಸು ಖರ್ಚು (ತಿಂಗಳಿಗೆ 100 ರೂ.) – 1,200
ಯಂತ್ರ ರಿಪೇರಿ, ಎಣ್ಣೆ, ನೂಲು – 2,500
ಲೆಕ್ಕ ತಪಾಸಣೆ – 2,500
ವಾರ್ಷಿಕೋತ್ಸವ – 4,400
ಒಟ್ಟು – 44,200 ರೂ.

ಉಳಿಯುವುದು 3,800 ರೂಪಾಯಿ. ನಮಗೆ ಖುಷಿ ಆಯಿತು. ದೊಡ್ಡಮ್ಮ ಮಾತ್ರ ತಲೆ ಅಲ್ಲಾಡಿಸಿದರು. "ಆಟಿಯಲ್ಲಿ ಡಬ್ಬಿಯಲ್ಲಿ ಎಷ್ಟಿರುತ್ತದೆ?" ಎಂದರು.

ತಿಂಗಳ ಲೆಕ್ಕ

ಜುಲೈ, ಆಗಸ್ಟ್ ಎರಡು ತಿಂಗಳು ನಾವು ಹೊಲಿಗೆ ಶುಲ್ಕ ಕೇಳುವುದಿಲ್ಲ. ಆಗ ಹುಡುಗಿಯರ ಮನೆಯಲ್ಲಿ ದುಡ್ಡಿರುವುದಿಲ್ಲ. ಕಲಿಯಲು ಸಮಯ ಸಿಗುವುದೂ ಆಗಲೇ. ಜಾತ್ರೆಯ ದುಡ್ಡು, ದಾನದ ದುಡ್ಡು ಬರುವುದು ದೀಪಾವಳಿ ಕಳೆದ ಮೇಲೆ. ಆದ್ದರಿಂದ ದೊಡ್ಡ ಖರ್ಚುಗಳನ್ನೂ ಆಮೇಲಕ್ಕೆ ಇಟ್ಟೆವು. ಆದರೂ ಪ್ರತಿ ತಿಂಗಳ ಖರ್ಚು ತಪ್ಪುವುದಿಲ್ಲ. ಲೆಕ್ಕ ಹಾಕಿ ನೋಡುವ.

ಏಪ್ರಿಲ್‌ನಿಂದ ಜೂನ್‌ವರೆಗೆ ತಿಂಗಳಿಗೆ ಬರುವುದು 3,200. ಹೋಗುವುದು 2,900. ಮೂರು ತಿಂಗಳಲ್ಲಿ ಉಳಿಯುವುದು 900 ರೂಪಾಯಿ.

ಜುಲೈ, ಆಗಸ್ಟ್‌ನಲ್ಲಿ ತಿಂಗಳಿಗೆ ಬರುವುದು 800 ಮಾತ್ರ. ಹೋಗುವುದು 2,900. ಎರಡು ತಿಂಗಳಲ್ಲಿ ಕಡಿಮೆ ಬೀಳುವುದು 4,200 ರೂಪಾಯಿ.

4,200ರಲ್ಲಿ 900 ಕಳೆಯಿರಿ. 3,300 ರೂಪಾಯಿ ಕೊರತೆ!

ನೋಡಿದಿರಾ? ವರ್ಷದ ಲೆಕ್ಕದಲ್ಲಿ ಉಳಿತಾಯ. ಆಟಿಯಲ್ಲಿ ಡಬ್ಬಿ ಖಾಲಿ. ಆದ್ದರಿಂದ ಮಾರ್ಚ್ 31ಕ್ಕೆ ಉಳಿದ ದುಡ್ಡನ್ನು ಖರ್ಚು ಮಾಡಬಾರದು. ಅದು ಮುಂದಿನ ಆಟಿಯ ದುಡ್ಡು. ಮೊದಲ ಸಲ ನಮ್ಮಲ್ಲಿ ಉಳಿದದ್ದೇ ಇರಲಿಲ್ಲ. ಆ ವರ್ಷ ಶಾಮಿಯಾನ ಹಾಕಿಸಲಿಲ್ಲ. ಶಾಲೆಯ ಜಗಲಿಯಲ್ಲೇ ವಾರ್ಷಿಕೋತ್ಸವ ಮಾಡಿ ದುಡ್ಡು ಉಳಿಸಿದೆವು.

ಬೇರೆ ಕೆಲಸದ ದುಡ್ಡು ಬೇರೆ

ಯಂತ್ರಕ್ಕೆ ಕೊಟ್ಟ ದುಡ್ಡು ಯಂತ್ರಕ್ಕೇ ಹೋಗಬೇಕು. ಬಿತ್ತನೆಗೆ ಇಟ್ಟ ಭತ್ತವನ್ನು ಕುಟ್ಟಿ ಉಂಡರೆ ಮುಂದೆ ಗದ್ದೆಗೆ ಏನು ಹಾಕುವುದು? ಅಂಥ ದುಡ್ಡಿಗೆ ಪುಸ್ತಕದಲ್ಲಿ ಬೇರೆಯೇ ಪುಟ ಇಡಬೇಕು. ಬಿಲ್ಲು ಅಂಟಿಸಬೇಕು. ದಾನಿಗಳಿಗೆ ತೋರಿಸಬೇಕು. ನಾವು ಆ 10,000 ರೂಪಾಯಿಯನ್ನು ಎರಡು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿಸಿ ಯಂತ್ರ ತಂದೆವು.

ಮಂಡಲದ ದುಡ್ಡು ಯಾರದ್ದು?

ಬೆಳ್ತಂಗಡಿ ತಾಲೂಕಿನಲ್ಲಿ 1982ರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಶುರುವಾಯಿತು. 1992ರಲ್ಲಿ ನಬಾರ್ಡ್ ಸಂಸ್ಥೆ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಿತು. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ವಾರದ ಉಳಿತಾಯ ಕಟ್ಟುವುದು ಹೆಂಗಸರಿಗೆ ರೂಢಿಯಾಗಿದೆ. ಗುಂಪಿನ ಉಳಿತಾಯ ಅದರ ಸದಸ್ಯರದ್ದು. ಮಂಡಲದ ದುಡ್ಡು ಹಾಗಲ್ಲ. ನಮ್ಮ ಮಂಡಲ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಆಗಿದೆ. ಅದರ ಲಾಭವನ್ನು ನಾವು ಹಂಚಿಕೊಳ್ಳುವ ಹಾಗಿಲ್ಲ. ಅದು ಊರಿನ ಕೆಲಸಕ್ಕೆ ಸೇರಿದ್ದು. ಪ್ರತಿ ವರ್ಷ ಮಹಾಸಭೆ ಕರೆಯಬೇಕು. ತಪಾಸಣೆ ಆದ ಲೆಕ್ಕವನ್ನು ಸಭೆಯ ಮುಂದೆ ಇಡಬೇಕು. ನೋಂದಣಿ ಕಚೇರಿಗೂ ಕೊಡಬೇಕು.

ಈಗ ನಾವು ಪ್ರತಿ ತಿಂಗಳ ಸಭೆಯಲ್ಲಿ ಎರಡು ಅಂಕೆ ಓದುತ್ತೇವೆ. ಅಂದಾಜು ಮಾಡಿದ್ದು ಎಷ್ಟು? ನಿಜವಾಗಿ ಆದದ್ದು ಎಷ್ಟು? ಹೆಚ್ಚು ಕಡಿಮೆ ಆಗಿದ್ದರೆ ಅಲ್ಲೇ ಮಾತಾಡುತ್ತೇವೆ. ಓದುವ ಸರದಿ ಪ್ರತಿ ತಿಂಗಳೂ ಬದಲಾಗುತ್ತದೆ. ಒಬ್ಬರಿಗೇ ಬಿಟ್ಟುಬಿಡುವುದಿಲ್ಲ.

ಆಟಿಯಲ್ಲಿ ಹೊರಗೆ ಮಳೆ ಸುರಿಯುತ್ತದೆ. ಒಳಗೆ ಹನ್ನೆರಡು ಹುಡುಗಿಯರು ಹೊಲಿಯುತ್ತಾರೆ. ತರಗತಿ ಮತ್ತೆ ನಿಲ್ಲಲಿಲ್ಲ.

ನೀವೇ ಮಾಡಿ ನೋಡಿ

1. ನಿಮ್ಮ ಮಂಡಲಕ್ಕೆ ಯಾವ ತಿಂಗಳಲ್ಲಿ ದುಡ್ಡು ಕಡಿಮೆ? ಬರೆಯಿರಿ.
2. ಆ ತಿಂಗಳಿಗೆ ಎಷ್ಟು ಎತ್ತಿಡಬೇಕು? ಲೆಕ್ಕ ಹಾಕಿ.
3. ಒಂದೇ ಕೆಲಸಕ್ಕೆಂದು ಬಂದ ದುಡ್ಡು ಉಂಟೇ? ಅದರ ಪುಟ ಬೇರೆ ಇದೆಯೇ? ನೋಡಿ.
4. ಮುಂದಿನ ಸಭೆಯಲ್ಲಿ ಲೆಕ್ಕದ ಪುಸ್ತಕ ಕೇಳಿ ತೆಗೆದುಕೊಳ್ಳಿ. ಒಂದು ಪುಟವನ್ನು ಗಟ್ಟಿಯಾಗಿ ಓದಿ.