ಕೌಟುಂಬಿಕ ವ್ಯಾಜ್ಯ ಮತ್ತು ಕಾನೂನಿನ ನೆರವು: ಕಿರಿಯರಿಗೊಂದು ಪತ್ರ



ದಾಂಪತ್ಯ ಕೆಟ್ಟು ವಿಚ್ಛೇದನದ ಮಾತೋ ಮಕ್ಕಳ ಸುಪರ್ದಿಯ ಮಾತೋ ಎದ್ದಾಗ ಕರ್ನಾಟಕದ ಅನೇಕ ಕುಟುಂಬಗಳು ಮೊದಲು ಮೊರೆಹೋಗುವುದು ಬಂಧುಗಳ ಹಾಗೂ ಊರ ಹಿರಿಯರ ಪಂಚಾಯ್ತಿಗೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಾತುಕತೆಯ ಕೊನೆಗೆ ಛಾಪಾ ಕಾಗದವೊಂದನ್ನು ಮುಂದಿಟ್ಟು ಸಹಿ ಕೇಳುವ ಘಳಿಗೆ ಬಹು ಅಪಾಯದ್ದು. ಹಿಂದೂ ವಿವಾಹ ಕಾಯ್ದೆ 1955ರ ವ್ಯಾಪ್ತಿಗೆ ಬರುವ ಮದುವೆಯು ನೋಟರಿಯ ಮೊಹರು ಬಿದ್ದ ಮಾತ್ರಕ್ಕೆ ರದ್ದಾಗುವುದಿಲ್ಲ. ಸಮುದಾಯದಲ್ಲಿ ರೂಢಿಯಾಗಿ ಬಂದ ವಿಚ್ಛೇದನ ಪದ್ಧತಿಯನ್ನು ಕಾಯ್ದೆ ಉಳಿಸಿಕೊಂಡಿದೆಯಾದರೂ, ಅಂಥ ರೂಢಿ ನಿಜಕ್ಕೂ ಇದೆಯೆಂದು ಸಾಬೀತುಪಡಿಸುವ ಹೊಣೆ ಅದನ್ನು ಮುಂದಿಡುವವರದೇ. ಆ ಕಾಗದವನ್ನು ನಂಬಿ ಮರುಮದುವೆಯಾದವರ ಎರಡನೆಯ ಮದುವೆ ಅನೂರ್ಜಿತವಾಗಿ, ಅದರ ಕಷ್ಟ ಹೊಸದಾಗಿ ಬಂದ ಹೆಣ್ಣಿಗೂ ಹುಟ್ಟುವ ಮಕ್ಕಳಿಗೂ ತಟ್ಟುತ್ತದೆ. ಆದ್ದರಿಂದ ವಕೀಲರ ಸಲಹೆ ಬೇಕಾಗುವುದು ಸಹಿಗೆ ಮೊದಲು, ಸಹಿಯ ನಂತರವಲ್ಲ.

ವಕೀಲರಿಗೆ ಕೊಡಲು ಹಣವಿಲ್ಲವೆಂಬ ಸಂಕೋಚದಿಂದ ಸುಮ್ಮನಾಗುವವರು, ಮುಖ್ಯವಾಗಿ ಹೆಣ್ಣುಮಕ್ಕಳು, ತಿಳಿಯಬೇಕಾದ ಸಂಗತಿಯೊಂದಿದೆ. ಸಂವಿಧಾನಕ್ಕೆ 1976ರಲ್ಲಿ ಸೇರಿದ 39-ಎ ವಿಧಿಯು ಬಡತನದ ಕಾರಣಕ್ಕೆ ಯಾರೂ ನ್ಯಾಯದಿಂದ ವಂಚಿತರಾಗದಂತೆ ಉಚಿತ ಕಾನೂನು ನೆರವು ಒದಗಿಸುವ ಕರ್ತವ್ಯವನ್ನು ಸರ್ಕಾರದ ಮೇಲೆ ಹೊರಿಸಿತು. ಅದನ್ನು ಕಾರ್ಯರೂಪಕ್ಕೆ ತಂದ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರು ತಮ್ಮ ವರಮಾನ ಎಷ್ಟೇ ಇದ್ದರೂ ಈ ನೆರವಿಗೆ ಅರ್ಹರು, ಉಳಿದವರಿಗೆ ಮಾತ್ರ ಸಾಮಾನ್ಯವಾಗಿ ವರಮಾನದ ಮಿತಿ ಅನ್ವಯಿಸುತ್ತದೆ. ನೌಕರಿಯಲ್ಲಿರುವ ಹೆಣ್ಣುಮಗಳು ಕೂಡ ಹಿಂಜರಿಯದೆ ಅರ್ಜಿ ಕೊಡಬಹುದು. ಇದು ದಾನವಲ್ಲ, ಹಕ್ಕು. ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿ, ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರ ಹೀಗೆ ವ್ಯವಸ್ಥೆ ಹರಡಿಕೊಂಡಿದ್ದು, 15100 ಸಂಖ್ಯೆಗೆ ಕರೆ ಮಾಡಿಯೂ ದಾರಿ ಕೇಳಬಹುದು. ಪ್ರಾಧಿಕಾರ ನೇಮಿಸಿದ ವಕೀಲರು ಕಕ್ಷಿದಾರರಿಂದ ಹಣ ಕೇಳುವಂತಿಲ್ಲ; ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಲಿಖಿತವಾಗಿ ದೂರು ಕೊಡುವುದು ಒರಟುತನವಾಗುವುದಿಲ್ಲ.

ಕೌಟುಂಬಿಕ ನ್ಯಾಯಾಲಯವು, ಅಂದರೆ ವಿವಾಹ, ಜೀವನಾಂಶ ಮತ್ತು ಸುಪರ್ದಿಯ ವ್ಯಾಜ್ಯಗಳಿಗಾಗಿಯೇ 1984ರ ಕಾಯ್ದೆಯಂತೆ ಸ್ಥಾಪಿತವಾದ ನ್ಯಾಯಾಲಯವು, ಉಳಿದ ಕೋರ್ಟುಗಳಿಗಿಂತ ಭಿನ್ನವಾಗಿದೆ. ಅಲ್ಲಿ ವಕೀಲರ ಮೂಲಕ ವಾದಿಸುವುದು ಕಕ್ಷಿದಾರರ ಹಕ್ಕಲ್ಲ, ನ್ಯಾಯಾಲಯದ ಅನುಮತಿಗೆ ಒಳಪಟ್ಟದ್ದು. ಮೊದಲು ರಾಜಿಗೆ ಯತ್ನಿಸುವುದು ನ್ಯಾಯಾಧೀಶರ ಕರ್ತವ್ಯ. ಕಕ್ಷಿದಾರರಲ್ಲಿ ಒಬ್ಬರು ಬಯಸಿದರೂ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು. ಈ ಕೊನೆಯ ಅವಕಾಶ ಗೊತ್ತಿಲ್ಲದೆ, ನಾಲ್ಕು ಜನರೆದುರು ಮನೆಯ ಗುಟ್ಟು ಬಯಲಾದೀತೆಂದು ಹೆದರಿ ನೋವು ನುಂಗಿಕೊಂಡು ಕೂರುವುದು ಬೇಡ. ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿದಾಗ ಹೋಗಿ ಮಾತನಾಡಬೇಕು ನಿಜ, ಆದರೆ ಒಪ್ಪಿಗೆಯಾಗದ ಶರತ್ತಿಗೆ ತಲೆಯಾಡಿಸಬೇಕಾದ ಕಟ್ಟುಪಾಡಿಲ್ಲ. ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಸಹ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಆಗುವವರೆಗೆ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ.

ಹೊಡೆತ, ಬೆದರಿಕೆ, ಮನೆಯಿಂದ ಹೊರಹಾಕುವಿಕೆ ಇರುವಲ್ಲಿ ರಾಜಿಗಿಂತ ರಕ್ಷಣೆ ಮೊದಲು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಂತೆ, ಮನೆಯ ಖಾತೆ ಯಾರ ಹೆಸರಿನಲ್ಲೇ ಇರಲಿ, ಪತಿಯೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಮಹಿಳೆಗೆ ಇದೆ. ಸಂರಕ್ಷಣಾಧಿಕಾರಿ, ಅಂದರೆ ಘಟನೆಯ ವರದಿ ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಲೆಂದೇ ನೇಮಕವಾದ ಅಧಿಕಾರಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ಸಿಗುತ್ತಾರೆ. ತುರ್ತಿಗೆ 181 ಸಹಾಯವಾಣಿಯಿದೆ.

ಜೀವನಾಂಶದ ವಿಷಯದಲ್ಲಿ ಕಾನೂನು ಉದಾರವಾಗಿದ್ದರೂ ಕೋರ್ಟಿನ ನಡೆ ನಿಧಾನವೆಂಬುದನ್ನು ಮುಚ್ಚಿಡಬಾರದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು, ಎದುರುದಾರರಿಗೆ ನೋಟಿಸ್ ತಲುಪಿದ 60 ದಿನಗಳಲ್ಲಿ ಸಾಧ್ಯವಾದಷ್ಟೂ ತೀರ್ಮಾನಿಸಬೇಕೆಂದು ಅದು ಹೇಳುತ್ತದೆಯಾದರೂ ಆ ಗಡುವು ಮೀರುವುದುಂಟು. ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಎರಡೂ ಪಕ್ಷದವರು ವರಮಾನ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ, ಅಂದರೆ ಅಫಿಡವಿಟ್‌ನಲ್ಲಿ, ಬಹಿರಂಗಪಡಿಸಬೇಕೆಂದೂ, ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕಹಾಕಬೇಕೆಂದೂ ಹೇಳಿತು. ಅರ್ಜಿಯನ್ನು ಮುಂದೂಡಿದಷ್ಟೂ ಹಕ್ಕಿನ ಹಣ ಕೈತಪ್ಪುತ್ತದೆ. ಮದುವೆಯ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಶುಲ್ಕದ ರಸೀದಿ, ಸಂಬಳದ ವಿವರ ಇವುಗಳ ನಕಲುಗಳನ್ನು ಮನೆ ಬಿಡುವ ಪರಿಸ್ಥಿತಿ ಬರುವ ಮೊದಲೇ ನಂಬಿಕಸ್ಥರ ಬಳಿ ಇರಿಸಿದರೆ ಆ ಅಫಿಡವಿಟ್ ಬರೆಯುವುದು ಬಹಳ ಸುಲಭವಾಗುತ್ತದೆ.

ಸ್ವಂತ ಖರ್ಚಿನಲ್ಲಿ ವಕೀಲರನ್ನು ಗೊತ್ತುಮಾಡುವವರು ವಕಾಲತ್ತಿಗೆ, ಅಂದರೆ ತಮ್ಮ ಪರವಾಗಿ ನಡೆಯಲು ವಕೀಲರಿಗೆ ಕೊಡುವ ಅಧಿಕಾರಪತ್ರಕ್ಕೆ, ಓದಿಯೇ ಸಹಿ ಹಾಕಿ, ಸಲ್ಲಿಸಿದ ಪ್ರತಿ ಅರ್ಜಿಯ ನಕಲನ್ನೂ ಶುಲ್ಕದ ರಸೀದಿಯನ್ನೂ ಪಡೆಯಬೇಕು. ಬರುವ ಪರಿಹಾರದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ವಕೀಲರ ಮೇಲೆ ಭರವಸೆ ಹೋದರೆ ಬದಲಿಸುವ ಸ್ವಾತಂತ್ರ್ಯ ಕಕ್ಷಿದಾರರದೇ.

ಇತಿ,
ಕಿರಿಯರ ಹಿತ ಬಯಸುವ ಹಿರಿಯರು