ಬೀಗದಕೈ ಗೊಂಚಲಿನ ಚೆಂಡು

ಒಂದೇ ಕೊಕ್ಕೆಸೂಜಿಯಿಂದ ನೂಲನ್ನು ಕುಣಿಕೆ ಕುಣಿಕೆಯಾಗಿ ಹೆಣೆಯುವ ಕಲೆಗೆ ಕ್ರೋಶಾ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಪುಟ್ಟ ಕೊಕ್ಕೆ ಎಂದೇ ಅರ್ಥ. ಇದರಿಂದ ಬೀಗದಕೈ ಗೊಂಚಲಿಗೆ ತೂಗುಬಿಡುವ ಕ್ರಿಕೆಟ್ ಚೆಂಡೊಂದನ್ನು ಮಾಡಬಹುದು.

ಕೆಂಪು ನೂಲಿನ ಉಂಗುರದೊಳಗೆ ಮೊದಲು 6 ಹೆಣಿಗೆಗಳನ್ನು ಹಾಕಬೇಕು. ಎರಡನೆಯ ಸುತ್ತಿನಲ್ಲಿ ಪ್ರತಿಯೊಂದರಲ್ಲಿಯೂ ಎರಡೆರಡು ಹೆಣೆದರೆ 12 ಆಗುತ್ತವೆ. ಮೂರನೆಯದರಲ್ಲಿ ಒಂದರಲ್ಲಿ ಒಂದು, ಮುಂದಿನದರಲ್ಲಿ ಎರಡು ಹೆಣೆದರೆ 18. ಸುತ್ತಿಗೆ ಆರರಂತೆ ಹೀಗೆಯೇ ಹೆಚ್ಚಿಸುತ್ತ ಹೋದರೆ ದೊರೆಯುವುದು ಚೆಂಡಲ್ಲ, ಚಪ್ಪಟೆಯಾದ ಬಿಲ್ಲೆ. ಆದುದರಿಂದ ಮುಂದಿನ ಮೂರು ಸುತ್ತುಗಳನ್ನು ಹೆಚ್ಚಿಸದೆ ಹೆಣೆಯಬೇಕು. ಆಗ ಅಂಚು ಬಟ್ಟಲಿನಂತೆ ಮೇಲೇಳುತ್ತದೆ. ಬಳಿಕ ಒಂದನ್ನು ಹಾಗೆಯೇ ಹೆಣೆದು ಮುಂದಿನೆರಡನ್ನು ಒಂದಾಗಿಸುತ್ತ 12ಕ್ಕೆ ಇಳಿಸಿ, ಹತ್ತಿಯನ್ನು ಒತ್ತಿ ತುಂಬಿ, ಕಡೆಗೆ 6ಕ್ಕೆ ಇಳಿಸಿ ಬಾಯಿಯನ್ನು ಬಿಗಿಯಬೇಕು. ಎಣಿಕೆ ತಪ್ಪಿದರೆ ಬಿಚ್ಚದೆ ಗತಿಯಿಲ್ಲ. ಮಾತಿನ ಭರದಲ್ಲಿ ಎರಡು ಸುತ್ತು ಹೆಚ್ಚಾಗಿ ಹೆಣೆದ ನನ್ನ ಮೊದಲ ಚೆಂಡು ಬದನೆಕಾಯಿಯ ಆಕಾರ ತಾಳಿತ್ತು!

ನಿಜವಾದ ಚೆಂಡಿನ ನಡುವೆ ಆರು ಸಾಲು ಹೊಲಿಗೆಗಳಿರುತ್ತವೆ. ಅದು ಗಾಳಿಯಲ್ಲಿ ಬಾಗುವುದಕ್ಕೆ ಆ ಹೊಲಿಗೆಯೂ ಒಂದು ಕಾರಣ. ಈ ಪುಟ್ಟ ಚೆಂಡಿನಲ್ಲಾದರೋ ಬಿಳಿಯ ನೂಲಿನ ಎರಡು ಸಾಲುಗಳಿಗಷ್ಟೇ ಸ್ಥಳ. ಬಿಗಿದ ಬಾಯಿಯ ಬಳಿ ಲೋಹದ ಬಳೆಯನ್ನು ಸೇರಿಸಿ, ನೂಲಿನ ತುದಿಯನ್ನು ಹತ್ತಿಯೊಳಗೆ ಅಡಗಿಸಬೇಕು. ಜೇಬಿನಲ್ಲಿ ಉಜ್ಜುವಾಗ ಮೊದಲು ಸಡಿಲುವುದು ಆ ತುದಿಯೇ.